ಬೇಡದ ಇಮೇಲ್: ಯಾವ ಮೇಲ್‌ಗೆ ಯಾರ ಬಾಗಿಲು ತಟ್ಟಬೇಕು?

ಸ್ಪ್ಯಾಮ್ ಗುಂಡಿ ಒತ್ತಿದರೆ ಸಾಕೇ? ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಇನ್ನಷ್ಟು ಮೇಲ್ ಬರುತ್ತದೆ ಎನ್ನುತ್ತಾರಲ್ಲ, ನಿಜವೇ? ಪೊಲೀಸರಿಗೆ ಹೇಳಬೇಕೇ, ಸ್ಪ್ಯಾಮ್‌ಕಾಪ್ ಎಂಬ ತಾಣಕ್ಕೆ ಹೇಳಬೇಕೇ? ಬೇಡದ ಇಮೇಲ್ ಬಗ್ಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಕೇಳುವವರಲ್ಲಿ ನಿವೃತ್ತ ಮೇಷ್ಟರಿದ್ದಾರೆ, ಮಲೆನಾಡಿನಲ್ಲಿ ಹೋಂಸ್ಟೇ ನಡೆಸುವವರಿದ್ದಾರೆ, ಊರಿನಲ್ಲಿರುವ ಅಪ್ಪ ಅಮ್ಮನ ಮೊಬೈಲನ್ನು ಬೆಂಗಳೂರಿನಿಂದಲೇ ಕಾಯುವ ಮಕ್ಕಳಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ನಾವು ಜಂಕ್ ಎಂದು ಒಟ್ಟಾಗಿ ಬೈಯುವ ರಾಶಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೇಲ್‌ಗಳು ಸೇರಿಕೊಂಡಿರುತ್ತವೆ.

ನಾವೇ ಎಂದೋ ವಿಳಾಸ ಕೊಟ್ಟು ಮರೆತ ಬಟ್ಟೆ ಅಂಗಡಿ, ವಿಮಾನ ಕಂಪನಿ, ಮ್ಯೂಚುವಲ್ ಫಂಡ್‌ನವರ ಜಾಹೀರಾತು ಒಂದು ಬಗೆ. ಇದು ಕಿರಿಕಿರಿ, ಅಪಾಯವಲ್ಲ. ನಿಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತಂದುಕೊಡುತ್ತೇವೆ ಎಂದು ಗುರುತು ಪರಿಚಯವಿಲ್ಲದವರು ಸಗಟಾಗಿ ಕಳುಹಿಸುವುದು ಇನ್ನೊಂದು. ಆದಾಯ ತೆರಿಗೆ ಮರುಪಾವತಿ ಬಂದಿದೆ, ಕೆವೈಸಿ ಅವಧಿ ಮುಗಿದಿದೆ, ಖಾತೆ ಸ್ಥಗಿತವಾಗಲಿದೆ ಎಂದು ಬೆದರಿಸಿ ಕೊಂಡಿ ಒತ್ತಿಸುವ ಶುದ್ಧ ಮೋಸ ಮೂರನೆಯದು. ಮೊದಲನೆಯದಕ್ಕೆ ಮಾಡಬೇಕಾದ್ದನ್ನು ಮೂರನೆಯದಕ್ಕೆ ಮಾಡಿದರೆ ಕೈ ಸುಟ್ಟುಕೊಳ್ಳುತ್ತೀರಿ.

ಆಯ್ಕೆಗಳನ್ನು ತೂಗುವ ಮೊದಲು ತಕ್ಕಡಿ ಸರಿಯಿರಲಿ. ನಾನು ನೋಡುವುದು ಇವನ್ನು: ನನ್ನ ಇನ್‌ಬಾಕ್ಸ್ ಹಗುರವಾಗುತ್ತದೆಯೇ? ಕಳುಹಿಸಿದವನಿಗೆ ನಿಜವಾಗಿ ಬಿಸಿ ತಟ್ಟುತ್ತದೆಯೇ? ಹಣ ಹೋಗಿದ್ದರೆ ತಡೆಯಲು ಸಾಧ್ಯವೇ? ಒಂದು ಮೇಲ್‌ಗೆ ಎಷ್ಟು ಹೊತ್ತು ಕೊಡಬೇಕು, ದೂರು ಕೊಡುವಾಗ ನನ್ನ ಮಾಹಿತಿ ಎಷ್ಟು ಹೊರಗೆ ಹೋಗುತ್ತದೆ, ದುಡ್ಡು ಎಷ್ಟು ಬೀಳುತ್ತದೆ? ಈ ಎಲ್ಲದರಲ್ಲೂ ಗೆಲ್ಲುವ ದಾರಿ ಯಾವುದೂ ಇಲ್ಲ. ಇನ್‌ಬಾಕ್ಸ್ ಶುಚಿ ಮಾಡುವ ದಾರಿ ಹಣ ತಂದುಕೊಡುವುದಿಲ್ಲ, ಹಣ ತಡೆಯುವ ದಾರಿ ಇನ್‌ಬಾಕ್ಸಿನ ಗೋಜಿಗೇ ಹೋಗುವುದಿಲ್ಲ.

ಕೈಯಳತೆಯ ಎರಡು ಗುಂಡಿಗಳು

ಜಿಮೇಲ್, ಯಾಹೂ, ಔಟ್‌ಲುಕ್ ಎಲ್ಲದರಲ್ಲೂ ಇರುವ ‘ರಿಪೋರ್ಟ್ ಸ್ಪ್ಯಾಮ್’ ಗುಂಡಿಯನ್ನು ಜನ ಹಗುರವಾಗಿ ಕಾಣುತ್ತಾರೆ. ಕಸವನ್ನು ಈ ಕೋಣೆಯಿಂದ ಆ ಕೋಣೆಗೆ ತಳ್ಳಿದಂತೆ, ಅಷ್ಟೇ ತಾನೇ ಎಂಬ ಭಾವನೆ. ಅದು ತಪ್ಪು ಅಂದಾಜು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಗಟು ಮೇಲ್ ಕಳುಹಿಸುವವರಿಗೆ ಕಟ್ಟುನಿಟ್ಟಿನ ನಿಯಮ ಹಾಕಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರು ತಮ್ಮ ಗುರುತನ್ನು ತಾಂತ್ರಿಕವಾಗಿ ಸಾಬೀತುಪಡಿಸಬೇಕು, ಜಾಹೀರಾತು ಮೇಲ್‌ನಲ್ಲಿ ಒಂದೇ ಒತ್ತಿಗೆ ಹೊರಬರುವ ಸೌಲಭ್ಯ ಕೊಡಬೇಕು, ಹೊರಬಂದವರನ್ನು ಎರಡು ದಿನದೊಳಗೆ ಪಟ್ಟಿಯಿಂದ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಸ್ಪ್ಯಾಮ್ ದೂರುಗಳ ಪ್ರಮಾಣ ಶೇ. 0.3ನ್ನು ಮುಟ್ಟಬಾರದು. ಸಾವಿರ ಮೇಲ್‌ಗೆ ಮೂರು ಜನ ಆ ಗುಂಡಿ ಒತ್ತಿದರೂ ಕಳುಹಿಸುವವನ ಎಲ್ಲ ಮೇಲ್‌ಗೂ ಕುತ್ತು. 2025ರ ಮೇ ತಿಂಗಳಿನಿಂದ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ಬರುವ ಸಗಟು ಮೇಲ್‌ನಲ್ಲಿ ಗುರುತಿನ ಸಾಬೀತನ್ನು ಕಡ್ಡಾಯ ಮಾಡಿದೆ.

ಹಾಗಾದರೆ ಎಲ್ಲದಕ್ಕೂ ಸ್ಪ್ಯಾಮ್ ಎಂದೇ ಒತ್ತಿಬಿಡೋಣವೇ? ಬೇಡ. ನೀವೇ ಸಾಮಾನು ಕೊಂಡ ಅಂಗಡಿಯ ಮೇಲ್‌ಗೆ ಹಾಗೆ ಮಾಡಿದರೆ ನಾಳೆ ಅದೇ ಅಂಗಡಿಯ ರಸೀದಿ, ಸಾಮಾನು ಎಲ್ಲಿದೆ ಎಂಬ ಸೂಚನೆ, ಹಣ ವಾಪಸಾತಿಯ ಮೇಲ್ ಎಲ್ಲವೂ ಸ್ಪ್ಯಾಮ್ ಕೋಶಕ್ಕೆ ಬೀಳಬಹುದು. ಜಿಮೇಲ್‌ನಲ್ಲಿ ಆ ಕೋಶ ಮೂವತ್ತು ದಿನಕ್ಕೆ ತಾನಾಗಿ ಖಾಲಿಯಾಗುತ್ತದೆ. ಅಲ್ಲಿ ಹುಡುಕಲು ನೆನಪಾಗುವ ಹೊತ್ತಿಗೆ ರಸೀದಿ ಇರುವುದಿಲ್ಲ. ಇಂಥವಕ್ಕೆ ಅನ್‌ಸಬ್‌ಸ್ಕ್ರೈಬ್ ಸರಿಯಾದ ದಾರಿ.

ಇನ್ನು ‘ಅನ್‌ಸಬ್‌ಸ್ಕ್ರೈಬ್ ಮಾಡಿದರೆ ವಿಳಾಸ ಜೀವಂತವಾಗಿದೆ ಎಂದು ಗೊತ್ತಾಗುತ್ತದೆ’ ಎಂಬ ಮಾತು. ಇದು ಅರ್ಧ ಸತ್ಯ. ಹೆಸರುವಾಸಿ ಕಂಪನಿಗಳ ವಿಷಯದಲ್ಲಿ ಆ ಭಯ ಬೇಕಿಲ್ಲ. ಅಪರಿಚಿತರ ಮೇಲ್‌ನ ಕೆಳತುದಿಯಲ್ಲಿ ಸಣ್ಣಕ್ಷರದಲ್ಲಿರುವ ಕೊಂಡಿಯ ವಿಷಯದಲ್ಲಿ ಆ ಭಯ ಇರಲೇಬೇಕು. ಬಿಡಿಸಿಕೊಳ್ಳಲೆಂದು ಒತ್ತಿದ ಕೊಂಡಿಯೇ ನಕಲಿ ಲಾಗಿನ್ ಪುಟಕ್ಕೆ ಕರೆದೊಯ್ಯಬಹುದು. ನಾನು ಪಾಲಿಸುವ ಸೂತ್ರ ಸರಳ: ಮೇಲ್‌ನ ಒಳಗಿನ ಕೊಂಡಿಯನ್ನು ಮುಟ್ಟುವುದಿಲ್ಲ, ಕಳುಹಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲ್ ತಾನೇ ತೋರಿಸುವ ‘ಅನ್‌ಸಬ್‌ಸ್ಕ್ರೈಬ್’ ಗುಂಡಿಯನ್ನಷ್ಟೇ ಬಳಸುತ್ತೇನೆ. 2025ರಲ್ಲಿ ಜಿಮೇಲ್ ‘ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್’ ಎಂಬ ಪುಟವನ್ನೂ ಸೇರಿಸಿತು. ಯಾರು ಎಷ್ಟು ಮೇಲ್ ಕಳುಹಿಸುತ್ತಿದ್ದಾರೆ ಎಂಬ ಪಟ್ಟಿ ಒಂದೇ ಕಡೆ ಸಿಗುತ್ತದೆ, ಅಲ್ಲಿಯೇ ಒಂದೊಂದನ್ನು ಕಿತ್ತೊಗೆಯಬಹುದು. ಸಂತೆಗೆ ಹೋದಾಗ ಸಿಕ್ಕ ಚೀಟಿಗಳನ್ನೆಲ್ಲ ಜೇಬಿನಿಂದ ಒಮ್ಮೆಗೇ ತೆಗೆದೆಸೆದ ಸುಖ ಅದರಲ್ಲಿದೆ.

ಸ್ಪ್ಯಾಮ್ ಗುಂಡಿ ಒತ್ತಿದಾಗ ಆ ಮೇಲ್‌ನ ಪ್ರತಿ ಗೂಗಲ್‌ಗೆ ಪರಿಶೀಲನೆಗೆ ಹೋಗುತ್ತದೆ ಎಂಬುದು ತಿಳಿದಿರಲಿ. ಅಪರಿಚಿತರ ಜಾಹೀರಾತಿನಲ್ಲಿ ಮುಚ್ಚಿಡಬೇಕಾದ್ದು ಏನೂ ಇರುವುದಿಲ್ಲ, ಆದ್ದರಿಂದ ನನಗೆ ಇದು ದೊಡ್ಡ ಅಡ್ಡಿಯಲ್ಲ. ಮೋಸದ ಮೇಲ್ ಆದರೆ ಸ್ಪ್ಯಾಮ್‌ಗಿಂತ ‘ರಿಪೋರ್ಟ್ ಫಿಶಿಂಗ್’ ಮೇಲು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲ್‌ನ ಬಲಗಡೆಯ ಮೂರು ಚುಕ್ಕಿ ಒತ್ತಿದರೆ ಅದು ಕಾಣುತ್ತದೆ.

ಸ್ಪ್ಯಾಮ್‌ಕಾಪ್: ಹಟವಾದಿಗಳ ದಾರಿ

‘ನನ್ನ ಇನ್‌ಬಾಕ್ಸ್ ಶುಚಿಯಾದರೆ ಸಾಲದು, ಕಳುಹಿಸಿದವನ ಬಾಲ ಕತ್ತರಿಸಬೇಕು’ ಎನ್ನುವವರು ಇದ್ದೇ ಇರುತ್ತಾರೆ. ಅವರಿಗಾಗಿ 1998ರಿಂದ ಸ್ಪ್ಯಾಮ್‌ಕಾಪ್ ಇದೆ. ಈಗ ಅದು ಸಿಸ್ಕೋ ಕಂಪನಿಯ ಒಡೆತನದಲ್ಲಿದೆ, ದೂರು ಕೊಡಲು ದುಡ್ಡಿಲ್ಲ. ಅದು ಕೇಳುವುದು ಮೇಲ್‌ನ ಪೂರ್ತಿ ಹೆಡರನ್ನು, ಅಂದರೆ ಮೇಲ್ ಎಲ್ಲಿಂದ ಹೇಗೆ ಬಂತೆಂಬ ತಾಂತ್ರಿಕ ವಿವರವನ್ನು.

ಹೆಡರ್ ಎಂದರೆ ಏನೆಂದು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು, ದೂರು ಕೊಡದವರಿಗೂ. ಅದೇ ಮೂರು ಚುಕ್ಕಿಯಲ್ಲಿ ‘ಶೋ ಒರಿಜಿನಲ್’ ಒತ್ತಿ. ಮೇಲ್ಗಡೆ ಒಂದು ಪುಟ್ಟ ಕೋಷ್ಟಕ ಬರುತ್ತದೆ. ಕಳುಹಿಸಿದವನ ಗುರುತನ್ನು ತಾಳೆ ನೋಡುವ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಎಂಬ ಮೂರು ಪರೀಕ್ಷೆಗಳ ಸಾಲುಗಳು, ಪಕ್ಕದಲ್ಲಿ ‘ಪಾಸ್’ ಅಥವಾ ‘ಫೇಲ್’. ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ‘ಆದಾಯ ತೆರಿಗೆ ಇಲಾಖೆ’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡವನ ನಿಜವಾದ ಡೊಮೇನ್ (ವಿಳಾಸದಲ್ಲಿ @ ಚಿಹ್ನೆಯ ನಂತರದ ಭಾಗ) ಯಾವುದೋ ಅಡ್ನಾಡಿ ಹೆಸರಿನದಾಗಿರುತ್ತದೆ. ಮೂರಕ್ಕೆ ಮೂರೂ ಪಾಸ್ ಆದರೂ ಮೇಲ್ ಸಾಚಾ ಎಂದಲ್ಲ. ಮೋಸಗಾರ ತನ್ನದೇ ಡೊಮೇನ್ ಕೊಂಡು ಅದಕ್ಕೆ ಎಲ್ಲವನ್ನೂ ಸರಿಯಾಗಿ ಕೂರಿಸಿರಬಹುದು. ಪಾಸ್ ಎಂದರೆ ಮೇಲ್ ಆ ಡೊಮೇನಿನಿಂದಲೇ ಬಂದಿದೆ ಎಂದಷ್ಟೇ ಅರ್ಥ. ಕೆಳಗಿನ ‘ರಿಸೀವ್ಡ್’ ಸಾಲುಗಳು ಮೇಲ್ ಹಾದುಬಂದ ಸರ್ವರುಗಳ ಜಾಡು. ನಿಮ್ಮ ಮೇಲ್ ಸೇವೆ ಬರೆದ ಮೇಲಿನ ಸಾಲು ನಂಬಿಕೆಗೆ ಅರ್ಹ, ಕೆಳಗಿನವನ್ನು ಸುಳ್ಳೇ ಸೇರಿಸಲು ಬರುತ್ತದೆ.

ಸ್ಪ್ಯಾಮ್‌ಕಾಪ್ ಈ ಜಾಡನ್ನು ನಿಮ್ಮ ಪರವಾಗಿ ಓದಿ, ಮೇಲ್ ಹೊರಟ ಸರ್ವರ್ ಯಾವ ಹೋಸ್ಟಿಂಗ್ ಕಂಪನಿಯದು (ಸರ್ವರ್ ಬಾಡಿಗೆಗೆ ಕೊಡುವವರದು) ಎಂದು ಪತ್ತೆ ಮಾಡಿ, ಅವರ ‘ಅಬ್ಯೂಸ್’ ವಿಳಾಸಕ್ಕೆ ದೂರು ಸಿದ್ಧಪಡಿಸುತ್ತದೆ. ನೀವು ಒಮ್ಮೆ ನೋಡಿ ‘ಕಳುಹಿಸು’ ಎನ್ನಬೇಕು. ಮೇಲ್ ಹಳತಾಗಿದ್ದರೆ ತೆಗೆದುಕೊಳ್ಳುವುದಿಲ್ಲ, ಬಂದ ಕೂಡಲೇ ಕೊಡಬೇಕು. ದೂರುಗಳ ಆಧಾರದ ಮೇಲೆ ಅದು ಒಂದು ತಡೆಪಟ್ಟಿಯನ್ನೂ ನಡೆಸುತ್ತದೆ, ಬೇರೆ ಮೇಲ್ ಸರ್ವರುಗಳು ಅದನ್ನು ನೋಡಿ ಬಾಗಿಲು ಹಾಕುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಜಿಮೇಲ್ ಬಳಸುವ ಸಾಮಾನ್ಯರಿಗೆ ಇದರ ಶ್ರಮಕ್ಕೆ ತಕ್ಕ ಫಲವಿಲ್ಲ. ವೆಬ್‌ಸೈಟ್ ಮೇಲೆತ್ತುವ ಮಹಾನುಭಾವರಲ್ಲಿ ಅನೇಕರು ಜಿಮೇಲ್ ಖಾತೆಯಿಂದಲೇ ಬರೆಯುತ್ತಾರೆ. ಆಗ ಸ್ಪ್ಯಾಮ್‌ಕಾಪ್ ಸುತ್ತಿ ಬಳಸಿ ಗೂಗಲ್‌ಗೇ ದೂರು ಕಳುಹಿಸುತ್ತದೆ. ಆ ಕೆಲಸ ಗುಂಡಿಯಿಂದ ಒಂದು ಕ್ಷಣದಲ್ಲಿ ಆಗುತ್ತದೆ. ಒಂದೇ ಹೋಸ್ಟಿಂಗ್‌ನಿಂದ ಪದೇ ಪದೇ ಕಾಟ ಕೊಡುವವನಿದ್ದರೆ, ಅಥವಾ ಸ್ವಂತ ಮೇಲ್ ಸರ್ವರ್ ನಡೆಸುತ್ತಿದ್ದರೆ ಮಾತ್ರ ಸ್ಪ್ಯಾಮ್‌ಕಾಪ್ ಹಿಡಿಯಿರಿ. ದೂರಿನಲ್ಲಿ ನಿಮ್ಮ ವಿಳಾಸ ಮರೆಮಾಚುವ ಆಯ್ಕೆಯನ್ನು ಮರೆಯಬೇಡಿ. ಕೆಲವು ಹೋಸ್ಟಿಂಗ್‌ನವರು ದೂರನ್ನು ಹಾಗೆಯೇ ಗಿರಾಕಿಗೆ ದಾಟಿಸಿಬಿಡುತ್ತಾರೆ.

ಸ್ಪ್ಯಾಮ್‌ಹೌಸ್ ಎಂಬ ಇನ್ನೊಂದು ಹೆಸರು ಕೇಳಿರುತ್ತೀರಿ. ಅದೂ 1998ರದ್ದೇ, ಜಗತ್ತಿನಾದ್ಯಂತ ಮೇಲ್ ಸರ್ವರುಗಳು ನೆಚ್ಚುವ ತಡೆಪಟ್ಟಿಗಳು ಅದರವು. ಆದರೆ ಅದು ಸರ್ವರ್ ನೋಡಿಕೊಳ್ಳುವವರ ಸಾಧನ, ಮನೆಬಳಕೆಯದಲ್ಲ.

ಸರ್ಕಾರದ ಬಾಗಿಲುಗಳು

ಇಲ್ಲಿ ಗೊಂದಲ ಜಾಸ್ತಿ, ನಷ್ಟವೂ ಜಾಸ್ತಿ. ಮೊದಲು ಒಂದು ಕಹಿ ಸತ್ಯ: ಬೇಡದ ಜಾಹೀರಾತು ಇಮೇಲನ್ನೇ ಗುರಿಯಾಗಿಟ್ಟುಕೊಂಡ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ 2003ರಿಂದಲೇ ಇದೆ. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಡಿ ಕಲಂ ಇರುವುದು ಬೇರೆಯವರ ವೇಷ ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವವರಿಗೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಬರೀ ಕಿರಿಕಿರಿ ಮಾಡುವವನಿಗೆ ಅದು ತಾಕುವುದಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಂದು ಒಳ್ಳೆಯ ಮಾತು ಹೇಳುತ್ತದೆ: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲೂ ಆಗಬೇಕು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ. ಅದನ್ನೇ ನೆಚ್ಚಿಕೊಂಡು ಬಟ್ಟೆ ಅಂಗಡಿಯ ಮೇಲೆ ಇಂದೇ ದೂರು ಬರೆಯಲು ಕೂರಬೇಡಿ.

ಹಣ ಹೋಗಿದ್ದರೆ ಮಾತ್ರ ಆಲೋಚನೆಗೆ ಎಡೆಯೇ ಇಲ್ಲ: ಮೊದಲು 1930. ಇದು ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ, ಹಳೆಯ 155260ರ ಜಾಗಕ್ಕೆ ಬಂದದ್ದು. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಖಾತೆಯಿಂದ ಖಾತೆಗೆ ಹಾರುತ್ತದೆ. ಬ್ಯಾಂಕುಗಳಿಗೆ ಕೂಡಲೇ ಸುದ್ದಿ ಮುಟ್ಟಿಸಿ ಅದನ್ನು ನಡುದಾರಿಯಲ್ಲಿ ತಡೆಹಿಡಿಯುವುದೇ ಈ ವ್ಯವಸ್ಥೆಯ ಗುರಿ, ಆದ್ದರಿಂದ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ಹೊತ್ತು, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಬಳಿಕ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಲಿಖಿತ ದೂರು. ಕರ್ನಾಟಕದ ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳೂ ಇವೆ. ಮೇಲ್ ಅಳಿಸದೆ, ಹೆಡರ್ ಸಮೇತ ಮುದ್ರಿಸಿಕೊಂಡು ಹೋಗಿ.

ಬ್ಯಾಂಕಿಗೆ ತಿಳಿಸುವುದೂ ಅದೇ ಗಳಿಗೆಯಲ್ಲಿ ಆಗಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕನದೂ ಅಲ್ಲ ಎಂದಾದಾಗ, ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ನಷ್ಟದ ಹೊರೆ ಬೀಳುವುದಿಲ್ಲ. ನಕಲಿ ಪುಟದಲ್ಲಿ ಪಾಸ್‌ವರ್ಡನ್ನು ನಾವೇ ತುಂಬಿಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ನಾಚಿಕೆಯಿಂದ ಸಂಜೆಯವರೆಗೆ ಸುಮ್ಮನಿದ್ದವರು ಆ ಸಂಜೆಯವರೆಗಿನ ಬೆಲೆ ತೆರುತ್ತಾರೆ.

ಹಣ ಹೋಗಿಲ್ಲ, ಮೋಸದ ಮೇಲ್ ಬಂದಿದೆ ಅಷ್ಟೇ ಎಂದಾದರೆ ಸರ್ಟ್-ಇನ್. 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸಂಸ್ಥೆ ಇದು, ಸೈಬರ್ ಘಟನೆಗಳನ್ನು ವರದಿ ಮಾಡುವ ಇಮೇಲ್ ವಿಳಾಸ ಅದರ ತಾಣದಲ್ಲೇ ಇದೆ, ಉಚಿತ ಕರೆಯ ಸಂಖ್ಯೆ 1800-11-4949. ತೆರಿಗೆ ಇಲಾಖೆಯ ಹೆಸರಿನ ಮೇಲ್ ಆದರೆ ಇಲಾಖೆಯ ವೆಬ್ ಮ್ಯಾನೇಜರ್ ವಿಳಾಸಕ್ಕೆ ಕಳುಹಿಸಿ, ಪ್ರತಿಯನ್ನು ಸರ್ಟ್-ಇನ್‌ಗೆ ಹಾಕಿ ಎಂದು ಇಲಾಖೆಯೇ ಕೇಳಿಕೊಂಡಿದೆ. ಹೊಸ ಪ್ಯಾನ್ ಯೋಜನೆ ಸುದ್ದಿಯಾದ ಮೇಲೆ ‘ಇ-ಪ್ಯಾನ್ ಇಳಿಸಿಕೊಳ್ಳಿ’ ಎನ್ನುವ ಮೇಲ್‌ಗಳು ಹರಿದಾಡಿ, ಅವು ನಕಲಿ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಸಾರಬೇಕಾಯಿತು. ಸರ್ಟ್-ಇನ್‌ಗೆ ಬರೆದರೆ ನಿಮಗೆ ವೈಯಕ್ತಿಕವಾಗಿ ಏನೂ ಸಿಗುವುದಿಲ್ಲ. ಆ ನಕಲಿ ತಾಣ ಬೇಗ ಮುಚ್ಚಿದರೆ ಇನ್ನೊಬ್ಬರು ಉಳಿದಾರು ಎಂದು ಐದು ನಿಮಿಷ ಕೊಡುವ ಮನಸ್ಸಿದ್ದರೆ ಕೊಡಿ.

ತಟ್ಟಬಾರದ ಬಾಗಿಲುಗಳೂ ಇವೆ. 1909 ಸಂಖ್ಯೆಯ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಇರುವುದು ಜಾಹೀರಾತಿನ ಕರೆ ಮತ್ತು ಎಸ್‌ಎಂಎಸ್‌ಗೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ಇರುವುದು ಕರೆ, ಎಸ್‌ಎಂಎಸ್, ವಾಟ್ಸ್‌ಆ್ಯಪ್ ಮೂಲಕ ಬರುವ ಅನುಮಾನಾಸ್ಪದ ಸಂದೇಶಗಳಿಗೆ. ಇಮೇಲ್ ದೂರು ಹೊತ್ತು ಅಲ್ಲಿಗೆ ಹೋದರೆ ಹೊತ್ತು ಹಾಳು.

ಬರದಂತೆ ತಡೆಯುವುದು

ವರದಿ ಮಾಡುವುದಕ್ಕಿಂತ ವಿಳಾಸ ಹೊರಗೆ ಹೋಗದಂತೆ ನೋಡಿಕೊಳ್ಳುವುದು ಅಗ್ಗ. ಕಾಸಿಲ್ಲದ ಮೊದಲ ದಾರಿ ಎರಡು ಖಾತೆ. ಬ್ಯಾಂಕು, ಆಧಾರ್, ತೆರಿಗೆಗೆ ಒಂದು, ಉಳಿದ ಇಡೀ ಜಗತ್ತಿಗೆ ಇನ್ನೊಂದು. ಅಂಗಡಿಗಳಿಗೆ ಕೊಟ್ಟ ವಿಳಾಸಕ್ಕೆ ‘ನಿಮ್ಮ ಬ್ಯಾಂಕ್ ಖಾತೆ ಸ್ಥಗಿತ’ ಎಂಬ ಮೇಲ್ ಬಂದರೆ ತೆರೆಯುವ ಮೊದಲೇ ಅದು ಸುಳ್ಳೆಂದು ಗೊತ್ತಾಗುತ್ತದೆ. ಈ ಒಂದು ಅನುಕೂಲಕ್ಕಾಗಿಯೇ ನಾನು ಇದನ್ನು ಮೇಲಿನ ಸ್ಥಾನದಲ್ಲಿಡುತ್ತೇನೆ.

ಜಿಮೇಲ್ ವಿಳಾಸದಲ್ಲಿ ಹೆಸರಿನ ನಂತರ, @ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ ಅಂಗಡಿಯ ಹೆಸರು ಸೇರಿಸುವುದು ಇನ್ನೊಂದು ಉಪಾಯ. ವಿಳಾಸ ಯಾರಿಂದ ಸೋರಿತೆಂದು ಪತ್ತೆ ಹಚ್ಚಲು ಚೆನ್ನ. ಆದರೆ ಕೆಲವು ತಾಣಗಳು ಪ್ಲಸ್ ಚಿಹ್ನೆಯನ್ನೇ ಒಪ್ಪುವುದಿಲ್ಲ, ಪ್ಲಸ್‌ನ ನಂತರದ್ದನ್ನು ಕತ್ತರಿಸಿ ಮೂಲ ವಿಳಾಸ ಪಡೆಯುವುದೂ ಕಷ್ಟವಲ್ಲ.

ಬಂದ ಮೇಲನ್ನು ನಿಮ್ಮ ನಿಜವಾದ ವಿಳಾಸಕ್ಕೆ ದಾಟಿಸುವ ಮುಖವಾಡದ ವಿಳಾಸಗಳು ಇದಕ್ಕಿಂತ ಗಟ್ಟಿ. ಡಕ್‌ಡಕ್‌ಗೋ ಕೊಡುವ ವಿಳಾಸಗಳು ಉಚಿತ. ಫೈರ್‌ಫಾಕ್ಸ್ ರಿಲೇ ಐದು, ಪ್ರೋಟಾನ್ ಒಡೆತನದ ಸಿಂಪಲ್‌ಲಾಗಿನ್ ಹತ್ತು ವಿಳಾಸಗಳನ್ನು ಉಚಿತವಾಗಿ ಕೊಡುತ್ತವೆ, ಹೆಚ್ಚು ಬೇಕೆಂದರೆ ಹಣ. ಐಫೋನ್ ಇದ್ದವರಿಗೆ ‘ಹೈಡ್ ಮೈ ಇಮೇಲ್’ ಐಕ್ಲೌಡ್ ಪ್ಲಸ್ ಚಂದಾದ ಜೊತೆ ಬರುತ್ತದೆ. ಕಾಟ ಶುರುವಾದ ದಿನ ಆ ಒಂದು ಮುಖವಾಡವನ್ನು ಮುಚ್ಚಿಬಿಟ್ಟರೆ ಆಯಿತು. ಆದರೆ ಬ್ಯಾಂಕಿಗೆ, ಪ್ಯಾನ್‌ಗೆ, ಮಕ್ಕಳ ಕಾಲೇಜಿಗೆ ಇಂಥ ವಿಳಾಸ ಕೊಡಬೇಡಿ. ನಡುವಿನ ಸೇವೆ ನಿಂತರೆ, ತಡವಾದರೆ ಒಟಿಪಿಯೂ ಇಲ್ಲ, ಖಾತೆಯೂ ಇಲ್ಲ.

ನಿಮ್ಮ ಹಳೆಯ ಪಾಸ್‌ವರ್ಡನ್ನೇ ಬರೆದು, ‘ನಿನ್ನ ವಿಡಿಯೊ ನನ್ನ ಬಳಿ ಇದೆ, ಬಿಟ್‌ಕಾಯಿನ್ ಕಳುಹಿಸು’ ಎನ್ನುವ ಮೇಲ್ ಬಂದರೆ ಗಾಬರಿ ಬೇಡ. ಎಂದೋ ಸೋರಿದ ಯಾವುದೋ ತಾಣದ ಪಟ್ಟಿಯಿಂದ ಆ ಪಾಸ್‌ವರ್ಡ್ ಹೆಕ್ಕಿರುತ್ತಾರೆ, ಸಾಮಾನ್ಯವಾಗಿ ವಿಡಿಯೊ ಇರುವುದೇ ಇಲ್ಲ. 2013ರಲ್ಲಿ ಟ್ರಾಯ್ ಹಂಟ್ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ವಿಳಾಸ ಹಾಕಿದರೆ ಎಲ್ಲೆಲ್ಲಿ ಸೋರಿದೆ ಎಂದು ಉಚಿತವಾಗಿ ಕಾಣುತ್ತದೆ. ಆ ಪಾಸ್‌ವರ್ಡ್ ಇನ್ನೂ ಎಲ್ಲಾದರೂ ಬಳಕೆಯಲ್ಲಿದ್ದರೆ ಇಂದೇ ಬದಲಿಸಿ.

ಹೋಂಸ್ಟೇ, ಅಂಗಡಿ, ಸಂಘ ನಡೆಸುವವರ ಪಾಡು ಬೇರೆ. ವಿಳಾಸ ಮುಚ್ಚಿಟ್ಟರೆ ಗಿರಾಕಿ ಬರುವುದು ಹೇಗೆ? ಅವರು ಸ್ಪ್ಯಾಮ್ ಕೋಶವನ್ನು ದಿನಕ್ಕೊಮ್ಮೆ ನೋಡಲೇಬೇಕು, ಅದರಲ್ಲಿ ನಿಜವಾದ ಬುಕಿಂಗ್ ಸಿಕ್ಕಿಬೀಳುತ್ತದೆ. ತಾಣದಲ್ಲಿ ಬರಿಯ ವಿಳಾಸ ಬರೆಯುವ ಬದಲು ವಿಚಾರಣೆಯ ಅರ್ಜಿ ನಮೂನೆ ಇಟ್ಟರೆ ವಿಳಾಸ ಗುಡಿಸುವ ಯಂತ್ರಗಳ ಕೈಗೆ ಸಿಗುವುದು ತಪ್ಪುತ್ತದೆ. ಸ್ವಂತ ಡೊಮೇನ್ ಇದ್ದವರು ವೆಬ್‌ಸೈಟ್ ಮಾಡಿಕೊಟ್ಟವರನ್ನು ಒಂದು ಪ್ರಶ್ನೆ ಕೇಳಲಿ: ನಮ್ಮ ಡೊಮೇನಿಗೆ ಡಿಎಂಎಆರ್‌ಸಿ ಹಾಕಿದ್ದೀರಾ, ಹಾಕಿದ್ದರೆ ಅದು ‘ನನ್’ (none) ಎಂದಿದೆಯೋ ‘ರಿಜೆಕ್ಟ್’ ಎಂದಿದೆಯೋ? ‘ನನ್’ ಎಂದರೆ ಬರೀ ವರದಿ. ‘ರಿಜೆಕ್ಟ್’ ಎಂದಿದ್ದರೆ, ನಿಮ್ಮ ಡೊಮೇನಿನ ಹೆಸರಿನಲ್ಲಿ ಬೇರೆಯವರು ಕಳುಹಿಸುವ ಮೇಲನ್ನು ತಿರಸ್ಕರಿಸಿ ಎಂದು ಸರ್ವರುಗಳಿಗೆ ಹೇಳಿದಂತೆ. ಒಂದೇ ಸಲಕ್ಕೆ ‘ರಿಜೆಕ್ಟ್’ಗೆ ಹಾರಬೇಡಿ. ಕೆಲವು ವಾರ ವರದಿ ನೋಡಿ, ಬಿಲ್ ಕಳುಹಿಸುವ ಸಾಫ್ಟ್‌ವೇರ್ ಸಹ ಪಾಸ್ ಆಗುತ್ತಿದೆಯೇ ಎಂದು ಖಚಿತಪಡಿಸಿಕೊಂಡು ಬಿಗಿ ಮಾಡಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಅಲ್ಲಿನ ಬಾಗಿಲುಗಳಿವೆ. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2020ರಿಂದ ಅನುಮಾನದ ಮೇಲ್‌ಗಳನ್ನು ಫಾರ್ವರ್ಡ್ ಮಾಡಲು ಒಂದು ವಿಳಾಸವನ್ನೇ ಇಟ್ಟಿದೆ, ನಾನು ಕಂಡವುಗಳಲ್ಲಿ ಅತಿ ಸುಲಭದ್ದು ಅದೇ. ಅಮೆರಿಕದಲ್ಲಿ ಎಫ್‌ಟಿಸಿ ಎಂಬ ಸರ್ಕಾರಿ ವ್ಯಾಪಾರ ಆಯೋಗದ ವಂಚನೆ ದೂರು ತಾಣವಿದೆ. ಅಲ್ಲಿನ ಕಾನೂನಿನಂತೆ ಅನ್‌ಸಬ್‌ಸ್ಕ್ರೈಬ್ ಕೋರಿಕೆಯನ್ನು ಹತ್ತು ಕೆಲಸದ ದಿನಗಳೊಳಗೆ ಪಾಲಿಸಬೇಕು. ಆದರೆ ಮೋಸ ಆಗಿರುವುದು ಊರಿನ ಎನ್‌ಆರ್‌ಇ ಖಾತೆಗಾದರೆ ಆ ತಾಣಗಳಲ್ಲಿ ಕೂರಬೇಡಿ, ಮೊದಲು ಭಾರತದ ಬ್ಯಾಂಕಿಗೆ ಕರೆ ಮಾಡಿ.

ಅಪ್ಪ ಅಮ್ಮನ ಫೋನಿಗೆ ಇವಿಷ್ಟನ್ನೂ ಹೇರಬೇಡಿ. ಸ್ಪ್ಯಾಮ್‌ಕಾಪ್, ಮುಖವಾಡ, ಹೆಡರ್ ಯಾವುದೂ ಅವರಿಗೆ ಬೇಡ. ಮುಂದಿನ ಸಲ ಊರಿಗೆ ಹೋದಾಗ ‘ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್’ ಪಟ್ಟಿಯನ್ನು ನೀವೇ ತೆರೆದು ಗುಡಿಸಿ, ಬ್ಯಾಂಕಿನ ವಿಳಾಸ ಬೇರೆ ಮಾಡಿ, ಸ್ಪ್ಯಾಮ್ ಗುಂಡಿ ಎಲ್ಲಿದೆ ಎಂದು ಅವರ ಕೈಯಿಂದಲೇ ಒತ್ತಿಸಿ ತೋರಿಸಿ. ಆಮೇಲೆ 1930ನ್ನು ‘ದುಡ್ಡು ಹೋದರೆ’ ಎಂಬ ಹೆಸರಿನಲ್ಲಿ ಅವರ ಫೋನಿನಲ್ಲಿ ಉಳಿಸಿ, ಬ್ಯಾಂಕಿನ ಸಂಖ್ಯೆಯನ್ನು ಅದರ ಕೆಳಗೇ ಹಾಕಿ. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ ನೋಡಿ ಬರೆದುಕೊಳ್ಳಿ, ಗೂಗಲ್‌ನಲ್ಲಿ ಹುಡುಕಿ ಅಲ್ಲ.